ಕುದುರೆ ನಿಲುವಲ್ಲಿ ಆರು ತಿಂಗಳು. ಮಂಡಿ ನೋವು ಬಿಟ್ಟು ಇನ್ನೇನಾದರೂ ಸಿಗುತ್ತಾ?

ಕುದುರೆಮುಖ:

ಎಲ್ಲರಿಗೂ ನಮಸ್ಕಾರ. ವಯಸ್ಸು 34, ದಿನವಿಡೀ ಕುರ್ಚಿ ಮೇಲಿನ ಕೆಲಸ. ಆರು ತಿಂಗಳ ಹಿಂದೆ ಮನೆ ಹತ್ತಿರದ ಒಂದು ಕುಂಗ್‌ಫು ಕ್ಲಾಸಿಗೆ ಸೇರಿದೆ. ದಕ್ಷಿಣ ಚೀನಾದ ಹುಂಗ್ ಗಾರ್ ಶೈಲಿ ಅಂತ ಹೇಳಿದರು. ಮೊದಲ ದಿನವೇ ಕುದುರೆ ನಿಲುವು. ಕಾಲು ಅಗಲಿಸಿ, ತೊಡೆ ನೆಲಕ್ಕೆ ಸಮ, ಬೆನ್ನು ನೆಟ್ಟಗೆ, ಮುಷ್ಟಿ ಸೊಂಟಕ್ಕೆ. ಮೂಲೆಯಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು, ಅದು ಮುಗಿಯುವವರೆಗೆ ಏಳಬೇಡಿ ಅಂದರು. ಬೂದಿ ಉದ್ದವಾಗಿ, ಬಾಗಿ, ಇನ್ನೇನು ಬೀಳಬೇಕು ಅನ್ನುವಷ್ಟರಲ್ಲಿ ನನ್ನ ತೊಡೆ ಗಡಗಡ ನಡುಗುತ್ತಿತ್ತು. ನಮ್ಮನೆ ದೇವರ ಕೋಣೆಯ ಊದುಬತ್ತಿ ಅಷ್ಟು ಹೊತ್ತು ಉರಿಯುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

ಈಗ ಮೆಟ್ಟಿಲು ಇಳಿಯುವಾಗ ಎರಡೂ ಮಂಡಿ ಚುಚ್ಚುತ್ತವೆ. ಕ್ಲಾಸಿನಲ್ಲಿ ಕೇಳಿದರೆ "ನೋವು ಒಳಗಿಂದ ಹೊರಗೆ ಹೋಗ್ತಿದೆ, ಒಳ್ಳೇದು" ಅನ್ನುತ್ತಾರೆ. ಇದರ ಮೇಲೆ ಕಳೆದ ತಿಂಗಳಿಂದ ಜಲ್ಲಿ ತುಂಬಿದ ಚೀಲಕ್ಕೆ ಅಂಗೈ ಬಡಿಯುವ ಅಭ್ಯಾಸ ಬೇರೆ, ದಿನಕ್ಕೆ 300 ಏಟು. ಬಲಗೈ ಕಿರುಬೆರಳು ಬೆಳಗ್ಗೆ ಹೊತ್ತು ತಣ್ಣಗಿರುತ್ತದೆ.

ಬಿಡೋಕೆ ಮನಸ್ಸಿಲ್ಲ. ಆದರೆ ಇದರಿಂದ ನಿಜಕ್ಕೂ ಏನಾದರೂ ಆಗುತ್ತಾ, ಅಥವಾ ಸುಮ್ನೆ ಮೈ ಹಾಳು ಮಾಡಿಕೊಳ್ಳುತ್ತಿದ್ದೇನಾ? ಅನುಭವ ಇರುವವರು ಹೇಳಿ.

ಎಡಗಾಲು:

ಕ್ಲಾಸ್ ಬದಲಿಸು ಗುರೂ. ಇಷ್ಟೇ.

ನಾನು ಸಾಂಡಾ ಆಡುತ್ತೇನೆ, ನಾಲ್ಕು ವರ್ಷ ಆಯಿತು. ಅದೂ ಚೀನಾದ್ದೇ. ಒದೆ, ಗುದ್ದು, ಎತ್ತಿ ಹಾಕುವುದು ಎಲ್ಲ ಇದೆ. ನಮ್ಮಲ್ಲಿ ಯಾರೂ ಊದುಬತ್ತಿ ಹಚ್ಚುವುದಿಲ್ಲ. ಹಗ್ಗ ಜಿಗಿತ, ಓಟ, ಪ್ಯಾಡಿಗೆ ಒದೆಯುವುದು, ಜೊತೆಗಾರನನ್ನು ಸೊಂಟ ಹಿಡಿದು ಎತ್ತುವುದು, ಆಮೇಲೆ ಸ್ಪಾರಿಂಗ್, ಅಂದರೆ ಜೊತೆಗಾರನ ಜೊತೆ ಅಭ್ಯಾಸದ ಕಾದಾಟ. ನಮ್ಮ ಮಣಿಪುರದ ರೋಶಿಬಿನಾ ದೇವಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ತಂದಿದ್ದು ಇದೇ ಆಟದಲ್ಲಿ.

2017ರ ಏಪ್ರಿಲ್‌ನಲ್ಲಿ ಚೆಂಗ್ಡುವಿನಲ್ಲಿ ಏನಾಯಿತು ಅಂತ ನೋಡಿದ್ದೀರಲ್ಲ? ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ) ಆಡುವ ಶೂ ಶಿಯಾವೊಡಾಂಗ್, ನಿಧಾನ ಚಲನೆಯ ಚೀನೀ ಕಲೆ ತೈಚಿಯ ಗುರು ವೇ ಲೇ ಅವರನ್ನು ಅರ್ಧ ನಿಮಿಷವೂ ಆಗದೆ ನೆಲಕ್ಕೆ ಕೆಡವಿದ. ನಿಂತು ನಿಂತು ಯಾರೂ ಫೈಟರ್ ಆಗಲ್ಲ.

ಶಿವಮೊಗ್ಗ ಟು ಸಿಂಗಾಪುರ:

ಎಡಗಾಲು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ.

ನಾನು ಸಿಂಗಾಪುರದಲ್ಲಿ 11 ವರ್ಷದಿಂದ ಹುಂಗ್ ಗಾರ್ ಕಲಿಯುತ್ತಿದ್ದೇನೆ. ವೋಂಗ್ ಫೇ ಹುಂಗ್ (1847–1925), ಅವರ ಶಿಷ್ಯ ಲಾಮ್ ಸಾಯ್ ವಿಂಗ್, ಆ ಸಾಲಿನದು. ನಮ್ಮ ಸಿಫು, ಅಂದರೆ ಗುರು, ಅವರಿಗೆ ಎಪ್ಪತ್ತು ದಾಟಿದೆ. ಅವರು ಮೊದಲ ದಿನ ನನ್ನನ್ನು ಎಷ್ಟು ಹೊತ್ತು ನಿಲ್ಲಿಸಿದರು ಗೊತ್ತಾ? ಮೂವತ್ತು ಸೆಕೆಂಡ್. ಆಮೇಲೆ ನಡೆಯೋಕೆ ಹೇಳಿದರು. ಮತ್ತೆ ಮೂವತ್ತು ಸೆಕೆಂಡ್. ತೊಡೆ ನೆಲಕ್ಕೆ ಸಮ ಇರಬೇಕು ಅಂತಲೂ ಹೇಳಲಿಲ್ಲ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ನೋಡುತ್ತಿದೆಯಾ ಅಂತ ಮಾತ್ರ ಬಗ್ಗಿ ಬಗ್ಗಿ ನೋಡುತ್ತಿದ್ದರು. ಮಂಡಿ ಒಳಗೆ ವಾಲಿತು ಅಂದರೆ ಅವತ್ತಿನ ನಿಲುವು ಅಲ್ಲಿಗೆ ಮುಗಿಯಿತು, ಏಳು ಅನ್ನುತ್ತಿದ್ದರು. ಎರಡು ತಿಂಗಳಾದ ಮೇಲೆ ಒಂದು ಬೆರಳಗಲ ಕೆಳಗೆ. ತೊಡೆ ಸಮಕ್ಕೆ ಬರೋಕೆ ನನಗೆ ಒಂದೂವರೆ ವರ್ಷ ಹಿಡಿಯಿತು.

ಇನ್ನೊಂದು ವಿಷಯ. ಕುದುರೆ ನಿಲುವು ವಾಸ ಮಾಡೋ ಮನೆ ಅಲ್ಲ, ಬಸ್ ಸ್ಟಾಪ್ ಇದ್ದಂಗೆ. ಅಲ್ಲಿಂದ ಬಿಲ್ಲು ನಿಲುವಿಗೆ (ಮುಂಗಾಲು ಬಗ್ಗಿಸಿ, ಹಿಂಗಾಲು ನೀಳವಾಗಿ ಚಾಚಿ) ಹೊರಳಬೇಕು, ಮತ್ತೆ ಕುದುರೆಗೆ ಬರಬೇಕು. ಹಿಂಗಾಲು ನೆಲ ಒದ್ದಾಗ ಆ ಒದೆತ ಸೊಂಟ ತಿರುಗಿಸಿ, ಭುಜಕ್ಕೆ ಬಂದು, ಮುಷ್ಟಿಯಲ್ಲಿ ಹೊರಬೀಳಬೇಕು. ಇದಕ್ಕೋಸ್ಕರ ನಿಲ್ಲೋದು. ಆರು ತಿಂಗಳಲ್ಲಿ ನಿಮಗೆ ಹೊರಳುವುದನ್ನು ಹೇಳಿಕೊಟ್ಟೇ ಇಲ್ಲ ಅಂದರೆ, ನೀವು ಕಲಿಯುತ್ತಿರುವುದು ಹುಂಗ್ ಗಾರ್ ಅಲ್ಲ, ಊದುಬತ್ತಿ ನೋಡೋದು.

ಮೂಳೆ ಮಾತು:

ನಾನು ಫಿಸಿಯೋಥೆರಪಿಸ್ಟ್. ಬಾಕಿ ಮಾತೆಲ್ಲ ಆಮೇಲೆ. ಕುದುರೆಮುಖ ಅವರೇ, ಮೊದಲು ಆ ಜಲ್ಲಿ ಚೀಲ ನಿಲ್ಲಿಸಿ. ಇವತ್ತೇ.

ಅಂಗೈಯಲ್ಲಿ ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ದಪ್ಪ ದಿಂಡು ಇದೆಯಲ್ಲ, ಅದರ ಕೆಳಗೇ ಒಂದು ರಕ್ತನಾಳ ಮತ್ತು ಒಂದು ನರ ಮೂಳೆಗೆ ಒತ್ತಿಕೊಂಡು ಹೋಗುತ್ತವೆ. ಅಲ್ಲಿಗೆ ಪದೇ ಪದೇ ಏಟು ಬಿದ್ದರೆ ರಕ್ತನಾಳದ ಗೋಡೆ ಹಾಳಾಗಿ, ಒಳಗೆ ರಕ್ತ ಹೆಪ್ಪುಗಟ್ಟಬಹುದು. ಅಂಗೈಯನ್ನೇ ಸುತ್ತಿಗೆ ಥರ ಬಳಸುವ ಮೆಕ್ಯಾನಿಕ್‌ಗಳಲ್ಲಿ, ಕರಾಟೆಯವರಲ್ಲಿ ಇದು ಕಂಡುಬರುವ ತೊಂದರೆ. ಬೆರಳು ತಣ್ಣಗಾಗುವುದು, ಬಿಳಿಚಿಕೊಳ್ಳುವುದು ಇದರ ಗುರುತು. ನಿಮಗೆ ಅದೇ ಇದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕೈ ಸರ್ಜನ್ ಹತ್ತಿರ ತೋರಿಸಿ.

ಮಂಡಿ ವಿಷಯ. ಮೆಟ್ಟಿಲು ಇಳಿಯುವಾಗ ಚುಚ್ಚುವುದು ಸಾಮಾನ್ಯವಾಗಿ ಮಂಡಿಚಿಪ್ಪಿನ ಸುತ್ತ ಭಾರ ಹಠಾತ್ತಾಗಿ ಜಾಸ್ತಿಯಾದಾಗ. ಕುರ್ಚಿಯಿಂದ ಎದ್ದು ಬಂದವರನ್ನು ಏಕ್‌ದಂ ಒಂದು ಊದುಬತ್ತಿ ಹೊತ್ತು ನಿಲ್ಲಿಸಿದರೆ ಇನ್ನೇನಾಗುತ್ತದೆ? ಸ್ನಾಯು ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರಕ್ಕೆ ತಿಂಗಳುಗಟ್ಟಲೆ ಬೇಕು. ಆದ್ದರಿಂದ "ತೊಡೆಗೆ ಶಕ್ತಿ ಬಂತು, ಇನ್ನೂ ಕೆಳಗೆ ಹೋಗೋಣ" ಅನ್ನಿಸುವ ಹೊತ್ತಿಗೇ ಮಂಡಿ ಕೈ ಕೊಡುವುದು. ಜೊತೆಗೆ, ಸೊಂಟದ ಕೀಲು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಪಾದ ನೇರ ಮುಂದಕ್ಕೆ ಇಟ್ಟು ಆಳಕ್ಕೆ ಕೂರೋಕೆ ಮೂಳೆಯೇ ಬಿಡುವುದಿಲ್ಲ. ಅವರು ಪಾದ ಸ್ವಲ್ಪ ಹೊರಗೆ ತಿರುಗಿಸಬೇಕು. ಗೋಡೆ ಮೇಲಿನ ಚಿತ್ರದಲ್ಲಿ ಹಾಗಿಲ್ಲ ಅಂತ ಮೈ ಮುರಿಯಬಾರದು.

ಹಾಗಂತ ನಿಲ್ಲುವುದು ದಂಡ ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 270 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಬಿಪಿ ಇಳಿಸುವುದರಲ್ಲಿ ಓಟ, ತೂಕ ಎತ್ತುವುದು ಎಲ್ಲಕ್ಕಿಂತ, ಅಲುಗಾಡದೆ ಹಿಡಿದು ನಿಲ್ಲುವ ವ್ಯಾಯಾಮವೇ ಮುಂದೆ ಇತ್ತು. ಅದರಲ್ಲೂ ಗೋಡೆಗೆ ಒರಗಿ ಕುರ್ಚಿ ಥರ ಕೂರುವುದು. ಆದರೆ ಆ ಬಗೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಾಡಿಸುವುದು ಎಷ್ಟು? ಎರಡು ನಿಮಿಷದಂತೆ ನಾಲ್ಕು ಸಲ, ನಡುವೆ ವಿಶ್ರಾಂತಿ, ವಾರಕ್ಕೆ ಮೂರು ದಿನ. ಅದೂ ಉಸಿರು ಕಟ್ಟದೆ. ಉಸಿರು ಬಿಗಿಹಿಡಿದು ನಿಂತರೆ ಆ ಕ್ಷಣಕ್ಕೆ ಬಿಪಿ ಏರುತ್ತದೆ.

ಗರಡಿ ಹುಡುಗ:

ಇಷ್ಟೆಲ್ಲ ಯಾಕೆ ಸ್ವಾಮಿ. ಇದೆಲ್ಲ ಇಲ್ಲಿಂದಲೇ ಹೋಗಿದ್ದು. ಬೋಧಿಧರ್ಮ ದಕ್ಷಿಣ ಭಾರತದವನು, ಚೀನಾದ ಶಾವೊಲಿನ್ ಮಠಕ್ಕೆ ಹೋಗಿ ಕಲಿಸಿದ. ನಮ್ಮ ಬಸ್ಕಿ, ದಂಡ, ಗದೆ ಬಿಟ್ಟು ಅವರ ಕುದುರೆ ಹತ್ತೋಕೆ ಹೋಗಿ ಮಂಡಿ ಕಳಕೊಂಡಿರಿ.

ಹಳೇ ಪುಟ:

ಗರಡಿ ಹುಡುಗ ಅವರೇ, ಈ ಕಥೆ ನನಗೂ ಇಷ್ಟ. ಚಿಕ್ಕವನಿದ್ದಾಗ ಶಾಲೆಯಲ್ಲಿ ಇದನ್ನೇ ಹೇಳಿ ಚಪ್ಪಾಳೆ ತಗೊಂಡಿದ್ದೆ. ಆದರೆ ನಿಲ್ಲುವುದಿಲ್ಲ.

ಶಾವೊಲಿನ್ ಮಠ ಶುರುವಾಗಿದ್ದು ಕ್ರಿ.ಶ. 495ರಲ್ಲಿ, ಹೆನಾನ್ ಪ್ರಾಂತ್ಯದ ಸೋಂಗ್‌ಶಾನ್ ಬೆಟ್ಟದಲ್ಲಿ. ಕಟ್ಟಿಸಿಕೊಟ್ಟಿದ್ದು ಬಾತುವೊ ಎಂಬ ಭಾರತೀಯ ಭಿಕ್ಷುವಿಗೆ. ಇಷ್ಟರ ಮಟ್ಟಿಗೆ ನಂಟು ನಿಜ. ಬೋಧಿಧರ್ಮ ಝೆನ್ ಪರಂಪರೆಯ ಮೂಲಪುರುಷ ಅನ್ನುವುದೂ ಹಳೆಯ ನಂಬಿಕೆಯೇ. ಆದರೆ ಅವನು ವ್ಯಾಯಾಮ ಕಲಿಸಿದ ಅನ್ನುವ ಮಾತು ಬರುವುದು "ಯಿಜಿನ್‌ಜಿಂಗ್" ಎಂಬ ಪುಸ್ತಿಕೆಯಿಂದ. ಅದು ಹುಟ್ಟಿದ್ದು 1624ರಲ್ಲಿ. ಅಂದರೆ ಬೋಧಿಧರ್ಮ ಹೋಗಿ ಸಾವಿರ ವರ್ಷ ಆದ ಮೇಲೆ. ಅದಕ್ಕೆ ಹಳಬರ ಹೆಸರಲ್ಲಿ ಮುನ್ನುಡಿಗಳನ್ನೂ ಸೇರಿಸಿದ್ದರು. ಅದು ಕಟ್ಟುಕಥೆ ಅಂತ ಬಯಲು ಮಾಡಿದ ಟಾಂಗ್ ಹಾವೊ ಹೊರಗಿನವರಲ್ಲ, ಚೀನಾದವರೇ. ತಾವೇ ಸಮರಕಲೆ ಕಲಿತವರು.

ಈಗ ಮೂಲ ಪ್ರಶ್ನೆಗೆ. ಹಳೆಯ ಕಾಲದ ಚೀನೀ ಸೈನಿಕರು ಹೇಗೆ ಮೈ ಪಳಗಿಸುತ್ತಿದ್ದರು ಅಂತ ನೋಡಿದರೆ ಊದುಬತ್ತಿಗಿಂತ ಓಟವೇ ಜಾಸ್ತಿ ಕಾಣುತ್ತದೆ. ಮಿಂಗ್ ರಾಜವಂಶದ ಕಾಲದ ಸೇನಾಪತಿ ಚೀ ಜಿಗುವಾಂಗ್, ಕರಾವಳಿಯ ಕಡಲ್ಗಳ್ಳರ ಮೇಲೆ ಹೋರಾಡಿದವನು, 1560ರ ಹೊತ್ತಿಗೆ ಒಂದು ಸೇನಾ ಕೈಪಿಡಿ ಬರೆದ. ಅದರಲ್ಲಿ ಅವನು ಹೇಳುವುದು ಇಷ್ಟು: ಸೈನಿಕ ಒಂದೇ ಉಸಿರಿಗೆ ಒಂದು ಲೀ ದೂರ, ಅಂದರೆ ಸುಮಾರು ಅರ್ಧ ಕಿಲೋಮೀಟರ್, ಏದುಸಿರು ಬಿಡದೆ ಓಡಬೇಕು. ಕಾಲಿಗೆ ಮರಳಿನ ಚೀಲ ಕಟ್ಟಿ, ಮರಳನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಬೇಕು. ಯುದ್ಧದ ದಿನ ಬಿಚ್ಚಿದರೆ ಕಾಲು ತಾನಾಗಿ ಹಗುರ. ಅಭ್ಯಾಸದ ಆಯುಧ ಯುದ್ಧದ ಆಯುಧಕ್ಕಿಂತ ಭಾರ ಇರಬೇಕು.

ಆ "ಸ್ವಲ್ಪ ಸ್ವಲ್ಪವೇ" ಅನ್ನುವುದನ್ನು ಗಮನಿಸಿ. ಬರಿಗೈ ಕಾದಾಟದ ಬಗ್ಗೆ ಅವನೇ ಬರೆಯುತ್ತಾನೆ: ಇದು ದೊಡ್ಡ ಯುದ್ಧಕ್ಕೆ ಉಪಯೋಗವಿಲ್ಲ ಅನ್ನಿಸಬಹುದು, ಆದರೆ ಕೈಕಾಲು ಪಳಗಿಸೋಕೆ, ಹೊಸಬರಿಗೆ ಬಾಗಿಲು ತೆರೆಯೋಕೆ ಇದು ಬೇಕು ಅಂತ. ಎಡಗಾಲು ಮತ್ತು ಶಿವಮೊಗ್ಗ ಅವರ ಜಗಳ 460 ವರ್ಷ ಹಳೆಯದು ಅನ್ನಿ.

ಗರಡಿ ಹುಡುಗ:

1624ರ ವಿಷಯ ಗೊತ್ತಿರಲಿಲ್ಲ. ಸರಿ, ಒಪ್ಪಿದೆ. ಆದರೆ ಅವರಲ್ಲಿ ಭಾರ ಎತ್ತುವುದು ಇರಲಿಲ್ವಾ? ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು, ಗುಂಡು ಎತ್ತುವುದು ನೋಡಿ ಬೆಳೆದವನು ನಾನು. ನಿಂತುಕೊಂಡೇ ಬಲ ಬರುತ್ತೆ ಅಂದರೆ ನಂಬೋಕಾಗಲ್ಲ.

ಹಳೇ ಪುಟ:

ಇತ್ತು, ಭರ್ಜರಿಯಾಗಿ ಇತ್ತು. ಚಿಂಗ್ ರಾಜವಂಶದ ಕಾಲದ ಸೇನಾ ಪರೀಕ್ಷೆಗೆ ಕೂತವನು ಓದು ಬರಹ, ಬಾಣ ಬಿಡುವುದರ ಜೊತೆ ಬಲ ತೋರಿಸುವ ಮೂರು ಕೆಲಸ ಮಾಡಬೇಕಿತ್ತು. ಬಿಗಿ ಬಿಲ್ಲು ಎಳೆಯುವುದು, ಉದ್ದ ಹಿಡಿಯ ಭಾರೀ ಕತ್ತಿ ತಿರುಗಿಸುವುದು, ಕಲ್ಲು ಎತ್ತುವುದು. ಕತ್ತಿಗೆ 80, 100, 120 ಜಿನ್ ಅಂತ ಮೂರು ದರ್ಜೆ. ಕಲ್ಲಿಗೆ 200, 250, 300 ಜಿನ್. ಆಗಿನ ಒಂದು ಜಿನ್ ಅಂದರೆ 600 ಗ್ರಾಂ ಹತ್ತಿರ. ಅಂದರೆ ದೊಡ್ಡ ಕಲ್ಲು ಸುಮಾರು 180 ಕಿಲೋ, ನೆಲದಿಂದ ಒಂದು ಅಡಿ ಮೇಲೆ ಬರಬೇಕು. 702ರಲ್ಲಿ ವೂ ಝೆಟಿಯಾನ್ ಎಂಬ ಮಹಾರಾಣಿ ಶುರು ಮಾಡಿದ ಸೇನಾ ಪರೀಕ್ಷೆ ಅದು. 1901ರಲ್ಲಿ ನಿಲ್ಲಿಸಿದರು. ಬಂದೂಕಿನ ಕಾಲದಲ್ಲಿ ಕಲ್ಲು ಎತ್ತಿ ಏನು ಮಾಡೋದು, ಅಲ್ವಾ?

ಊರುಗಳಲ್ಲಿ ಇದಕ್ಕಿಂತ ಚಿಕ್ಕದು "ಶಿಸುವೊ", ಕಲ್ಲಿನ ಬೀಗ. ಹಳೇ ಕಾಲದ ಬೀಗದ ಆಕಾರದ ಕಲ್ಲು, ಮೇಲೆ ಹಿಡಿ. ಈಗಿನ ಜಿಮ್ಮಿನ ಕೆಟಲ್‌ಬೆಲ್‌ನ ದಾಯಾದಿ. ಎತ್ತುವುದಷ್ಟೇ ಅಲ್ಲ, ಗಾಳಿಗೆ ತೂರಿ, ತಿರುಗಿಸಿ ಮತ್ತೆ ಹಿಡಿಯುತ್ತಾರೆ.

ಸುಬ್ಬಕ್ಕ:

ನಾನು ಈ ಗುಂಪಿಗೆ ಅಡುಗೆ ವಿಷಯ ಓದೋಕೆ ಬಂದವಳು, ತಪ್ಪಿ ಇಲ್ಲಿ ಸಿಕ್ಕಿಕೊಂಡೆ. ವಯಸ್ಸು 63. ಮಗಳ ಮನೆ ಅಮೆರಿಕದ ಫ್ರೀಮಾಂಟ್‌ನಲ್ಲಿದೆ. ಅಲ್ಲಿ ಪಾರ್ಕಿನಲ್ಲಿ ಬೆಳಗ್ಗೆ ಚೀನೀ ಅಜ್ಜಿಯರು ಸುಮ್ಮನೆ ನಿಂತಿರುತ್ತಿದ್ದರು. ಮೊದಲು ನಾನು ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಂಡೆ! ಬಸ್ ಬಂದರೂ ಅಲುಗಾಡಲಿಲ್ಲ.

ಆಮೇಲೆ ಕೈಸನ್ನೆಯಲ್ಲೇ ನನಗೂ ಕಲಿಸಿದರು. ಮಂಡಿ ಒಂಚೂರು ಮಾತ್ರ ಬಗ್ಗಿಸಬೇಕು. ಎರಡೂ ಕೈ ಎದೆ ಮುಂದೆ, ದೊಡ್ಡ ಹಂಡೆ ತಬ್ಬಿಕೊಂಡ ಹಾಗೆ. ಭುಜ ಇಳಿಬಿಡಬೇಕು. ಐದು ನಿಮಿಷ ಅಷ್ಟೇ. ಎರಡನೇ ನಿಮಿಷಕ್ಕೆ ಭುಜ ಉರಿಯೋಕೆ ಶುರು, ನಾಲ್ಕಕ್ಕೆ ಕೈ ತನ್ನಷ್ಟಕ್ಕೆ ನಡುಗುತ್ತೆ. ಒಬ್ಬ ಅಜ್ಜಿ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಎರಡು ಬೆರಳು ಇಟ್ಟರು. ಒತ್ತಲೂ ಇಲ್ಲ, ಸುಮ್ನೆ ಇಟ್ಟರು. ಭುಜ ದೊಪ್ಪಂತ ಕೆಳಗೆ ಬಂತು. ಅಷ್ಟು ಹೊತ್ತೂ ಕಿವಿ ತನಕ ಎತ್ತಿಕೊಂಡಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಕುದುರೆಮುಖ ತಮ್ಮಾ, ಮಂಡಿ ಜೋಪಾನ ಕಣಪ್ಪ.

ಶಿವಮೊಗ್ಗ ಟು ಸಿಂಗಾಪುರ:

ಸುಬ್ಬಕ್ಕ, ನೀವು ಮಾಡಿದ್ದು ಜಾನ್ ಜುವಾಂಗ್. ಕಂಬದ ಹಾಗೆ ನಿಲ್ಲುವುದು. ವಾಂಗ್ ಶಿಯಾಂಗ್‌ಝಾಯ್ (1885–1963) ಅಂತ ಒಬ್ಬರು ಇದನ್ನೇ ನಡುಗಂಬ ಮಾಡಿಕೊಂಡು ಯಿಚ್ವಾನ್ ಎಂಬ ಶೈಲಿ ಕಟ್ಟಿದರು. ಅದರಲ್ಲಿ ಸೆಟ್‌ಗಳೇ ಇಲ್ಲ, ಅಂದರೆ ಮೊದಲೇ ಜೋಡಿಸಿಟ್ಟ ಚಲನೆಗಳ ಸಾಲು ಇಲ್ಲ. ಕುದುರೆ ನಿಲುವಿನಲ್ಲಿ ತೊಡೆ ಬೆಳೆಯುತ್ತೆ. ಇದರಲ್ಲಿ ಯಾವ ಸ್ನಾಯು ಸುಮ್ಮಸುಮ್ಮನೆ ಬಿಗಿದುಕೊಂಡಿದೆ ಅಂತ ಗೊತ್ತಾಗುತ್ತೆ. ಎರಡೂ ಬೇರೆ ಕೆಲಸ. ನಮ್ಮ ಕುದುರೆಮುಖ ಅವರ ಕ್ಲಾಸಿನವರು ಅವೆರಡನ್ನೂ ಕಲಸಿಬಿಟ್ಟ ಹಾಗಿದೆ. ಕಂಬದ ಸಮಯ, ಕುದುರೆಯ ಆಳ.

ಈಗ ಕೈ ಗಟ್ಟಿ ಮಾಡುವ ವಿಷಯ. ನಮ್ಮಲ್ಲಿ ಮೊದಲು ಬರುವುದು ಸಾಮ್ ಸಿಂಗ್, ಮೂರು ನಕ್ಷತ್ರ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸುವುದು. ಕೆಳಗೆ ಒಳಬದಿ, ಮೇಲೆ ಹೊರಬದಿ, ಮತ್ತೆ ಕೆಳಗೆ. ಡಬ್, ಡಬ್, ಡಬ್. ಆಮೇಲೆ ಇನ್ನೊಂದು ಕೈ. ಹೊಸಬರು ಜೋರಾಗಿ ಬಡಿಯುತ್ತಾರೆ, ನಾನೂ ಬಡಿದಿದ್ದೆ. ಮಾರನೇ ದಿನ ಮುಂಗೈ ನೇರಳೆ ಹಣ್ಣಿನ ಬಣ್ಣ, ಆಫೀಸಿಗೆ ತುಂಬುತೋಳಿನ ಶರ್ಟ್. ಸಿಫು ಬೈದರು. ಸದ್ದು ಕೇಳಿಸಿಕೋ ಅಂದರು. ಸಡಿಲ ಕೈ ಬಿದ್ದರೆ ಸದ್ದು ದಪ್ಪ, ಬಿಗಿ ಕೈ ಬಿದ್ದರೆ ಸದ್ದು ಚಟ್ ಅನ್ನುತ್ತೆ. ಒಂದು ವರ್ಷ ಬರೀ ಸದ್ದು ಸರಿ ಮಾಡಿಕೊಂಡೆ. ನೋವು ತಾನಾಗಿ ಕಡಿಮೆ ಆಯಿತು.

ಕಬ್ಬಿಣದ ಅಂಗೈ ಅದರ ಮುಂದಿನದು, ಎಲ್ಲರಿಗೂ ಹೇಳಿಕೊಡುವುದೇ ಇಲ್ಲ. ಕ್ಯಾನ್ವಾಸ್ ಚೀಲದಲ್ಲಿ ಮೊದಲು ತುಂಬುವುದು ಹೆಸರುಕಾಳು. ಹೌದು, ಕೋಸಂಬರಿಗೆ ಹಾಕುವ ಅದೇ ಹೆಸರು. ಕಾಳು ಪುಡಿಯಾಗಿ ಹಿಟ್ಟಾದ ಮೇಲೆ ಜಲ್ಲಿ, ಅದಾದ ಮೇಲೆ ಕಬ್ಬಿಣದ ಗುಂಡು. ಕೈಯನ್ನು ಬಡಿಯುವುದಲ್ಲ, ಬೀಳಲು ಬಿಡುವುದು. ಒದ್ದೆ ಟವೆಲ್ ಕೈಜಾರಿ ಬಿದ್ದ ಹಾಗೆ. ಅಭ್ಯಾಸಕ್ಕೆ ಮೊದಲೂ ಆಮೇಲೂ ಡಿಟ್ ಡಾ ಜೌ ಹಚ್ಚಿ ತಿಕ್ಕಬೇಕು. ನೀವು ಜಲ್ಲಿಯಿಂದಲೇ ಶುರು ಮಾಡಿದ್ದೀರಿ, ಅದೂ 300 ಏಟು. ಒಂದನೇ ಕ್ಲಾಸು ಬಿಟ್ಟು ಐದಕ್ಕೆ ಕೂರಿಸಿದ ಹಾಗಾಯಿತು.

ಗರಡಿ ಹುಡುಗ:

ಆ ಜೌ ಅನ್ನೋದು ಏನು? ಎಣ್ಣೆನಾ?

ಶಿವಮೊಗ್ಗ ಟು ಸಿಂಗಾಪುರ:

ಹೆಂಡದಲ್ಲಿ ನೆನೆಸಿಟ್ಟ ಗಿಡಮೂಲಿಕೆ. ಹೆಸರಿನ ಅರ್ಥವೇ "ಬಿದ್ದದ್ದಕ್ಕೆ, ಹೊಡೆತಕ್ಕೆ ಹೆಂಡ". ಒಬ್ಬೊಬ್ಬ ಗುರುವಿನದು ಒಂದೊಂದು ಪಾಕ. ಬೋಳ ಎಂಬ ಮರದ ಅಂಟು ಇರುತ್ತೆ, ಡಾಂಗ್ ಗೈ ಎಂಬ ಬೇರು ಇರುತ್ತೆ, ಕೆಂಪು ಹೂ ಇರುತ್ತೆ. ಆ ಕೆಂಪು ಹೂ ಏನು ಅಂತ ಚೈನಾಟೌನ್ ಅಂಗಡಿಯಲ್ಲಿ ಮುಷ್ಟಿಯಲ್ಲಿ ಹಿಡಿದು ನೋಡಿದೆ. ಕುಸುಬೆ ಮಾರಾಯ! ಅಜ್ಜನ ಮನೆ ಗದಗದ ಕಡೆ, ಹೊಲದ ಬದುವಿನ ಕುಸುಬೆ ಮುಳ್ಳು ಚುಚ್ಚಿಸಿಕೊಂಡು ಬೆಳೆದವನು ನಾನು. ಅದನ್ನೇ ಡಾಲರ್ ಕೊಟ್ಟು ತಂದೆ.

ಒಂದು ಎಚ್ಚರಿಕೆ. ಕೆಲವು ಪಾಕದಲ್ಲಿ ವತ್ಸನಾಭಿ ಜಾತಿಯ ಬೇರು ಹಾಕುತ್ತಾರೆ. ಅದು ವಿಷ. ಕುಡಿಯಬಾರದು, ಗಾಯದ ಮೇಲೆ ಹಚ್ಚಬಾರದು, ಮಕ್ಕಳ ಕೈಗೆ ಸಿಗಬಾರದು.

ಮೂಳೆ ಮಾತು:

ಜೌ ಬಗ್ಗೆ ನನ್ನ ಅನಿಸಿಕೆ: ತಿಕ್ಕುವುದರಿಂದ ಒಂದಿಷ್ಟು ಹಿತ, ಅದಕ್ಕಾಗಿ ನಿಲ್ಲುವ ಹತ್ತು ನಿಮಿಷದ ವಿಶ್ರಾಂತಿಯಿಂದ ಇನ್ನೂ ಹಿತ. ಬೆರಳು ತಣ್ಣಗಾಗುವುದನ್ನು ಅದು ವಾಸಿ ಮಾಡುತ್ತದೆ ಅಂತ ಕಾಯಬೇಡಿ.

ಮೂಳೆ ಭಾರಕ್ಕೆ ತಕ್ಕ ಹಾಗೆ ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದರು. ಹಳೆಯದನ್ನು ಕಿತ್ತು ಹೊಸ ಮೂಳೆ ತುಂಬುವ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು. ಕಬ್ಬಿಣದ ಅಂಗೈಗೆ ನೂರು ದಿನ ಅಂತ ಹಳಬರು ಲೆಕ್ಕ ಇಡುವುದು ನೋಡಿದರೆ ನನಗೆ ಖುಷಿಯಾಗುತ್ತದೆ. ಆದರೆ ಕೀಲಿನ ಮೇಲಿನ ನುಣುಪು ಪದರಕ್ಕೆ ಈ ಭಾಗ್ಯ ಇಲ್ಲ. ಸವೆದರೆ ಸವೆಯಿತು. ಬೆರಳ ಗೆಣ್ಣಿಗೆ ಯಾರಾದರೂ ಬಡಿಸುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಎಡಗಾಲು:

ನಾನು ಸ್ವಲ್ಪ ಒರಟಾಗಿ ಬರೆದೆ ಅನ್ನಿಸುತ್ತೆ. ಕಳೆದ ವಾರ ನಮ್ಮ ಕೋಚ್‌ಗೆ ಈ ಚರ್ಚೆ ತೋರಿಸಿದೆ. ಅವರು ಹಳೇ ಚಾಂಗ್‌ಚ್ವಾನ್ ಆಟಗಾರರು, ಎದುರಾಳಿ ಇಲ್ಲದೆ ಸೆಟ್ ಮಾಡಿ ತೋರಿಸುವ ಶೈಲಿ ಅದು. ನಕ್ಕು, ಕುದುರೆಯಲ್ಲಿ ನಿಲ್ಲು ನೋಡೋಣ ಅಂದರು. ತೊಂಬತ್ತು ಸೆಕೆಂಡಿಗೆ ಎದ್ದುಬಿಟ್ಟೆ. ಮೂರು ರೌಂಡ್ ಸಾಂಡಾ ಆಡುವವನು ನಾನು! ಅವರ ಸ್ಪರ್ಧೆಯ ಸೆಟ್ ಕನಿಷ್ಠ 1 ನಿಮಿಷ 20 ಸೆಕೆಂಡ್ ಇರಬೇಕಂತೆ. ಅಷ್ಟರಲ್ಲಿ ಜಿಗಿದು, ತಿರುಗಿ, ಆಳದ ನಿಲುವಿಗೆ ಬಿದ್ದು ಅಲ್ಲೇ ಕಲ್ಲಾಗಬೇಕು. ಅದಕ್ಕೆ ದಿನಾ ಗೋಡೆಗೆ ಕಾಲಿಟ್ಟು ಒತ್ತುವುದು, ನೇರ ಕಾಲು ಹಣೆಗೆ ಬೀಸುವುದು.

ಆದರೂ ನನ್ನ ಮಾತು ಬಿಟ್ಟುಕೊಡಲ್ಲ. ಎದುರಿಗೆ ಹೊಡೆಯುವವನು ಇಲ್ಲದೆ ಹೊಡೆತ ತಪ್ಪಿಸಿಕೊಳ್ಳೋದು ಬರಲ್ಲ.

ಶಿವಮೊಗ್ಗ ಟು ಸಿಂಗಾಪುರ:

ನಾನು ಆಗಲೇ ಹೇಳಿದ "ಅರ್ಧ ಸರಿ" ಇದೇ. ನಮ್ಮ ಕ್ಲಾಸಿನಲ್ಲೂ ಕಳೆದ ಮೂರು ವರ್ಷದಿಂದ ಶನಿವಾರ ಗ್ಲೌಸ್ ಹಾಕುತ್ತೇವೆ. ಮೊದಲ ಶನಿವಾರ ನನ್ನ ಎಂಟು ವರ್ಷದ ನಿಲುವು ಹತ್ತು ಸೆಕೆಂಡಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಒಂದೊಂದಾಗಿ ವಾಪಸ್ ಬಂತು.

ಕುದುರೆಮುಖ:

ಮೂರು ವಾರ ಆಯಿತು, ಅಪ್‌ಡೇಟ್ ಹಾಕುತ್ತಿದ್ದೇನೆ.

ಕೈ ಸರ್ಜನ್‌ಗೆ ತೋರಿಸಿದೆ. ಸ್ಕ್ಯಾನ್ ಮಾಡಿಸಿದರು, ರಕ್ತ ಸರಿಯಾಗಿ ಹರಿಯುತ್ತಿದೆ, ನರಕ್ಕೆ ಪೆಟ್ಟಾಗಿದೆ ಅಂದರು. ಎರಡು ತಿಂಗಳು ಬಡಿಯುವುದು ಬಂದ್. ಮೂಳೆ ಮಾತು ಮೇಡಂ, ನಿಮಗೆ ದೊಡ್ಡ ಥ್ಯಾಂಕ್ಸ್.

ಕ್ಲಾಸಿನಲ್ಲಿ ನಿಲುವಿನ ಬಗ್ಗೆ ಮಾತಾಡಿದೆ. ಅವರಿಗೆ ಇಷ್ಟವಾಗಲಿಲ್ಲ. "ಈಗಿನವರಿಗೆ ತಾಳ್ಮೆ ಇಲ್ಲ" ಅಂದರು. ಬೇರೆ ಕ್ಲಾಸ್ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಮನೆಯಲ್ಲೇ. ತೊಡೆ ಅರ್ಧಕ್ಕೆ ಮಾತ್ರ ಇಳಿಸಿ, ಪಾದ ಸ್ವಲ್ಪ ಹೊರಗೆ, ನಾಲ್ಕು ಸಲ. ನಡುವೆ ಬಿಲ್ಲು ನಿಲುವಿಗೆ ಹೊರಳುವುದು. ಮೆಟ್ಟಿಲು ಇಳಿಯುವಾಗ ಈಗ ಎಡಮಂಡಿ ಮಾತ್ರ ಮಾತಾಡುತ್ತೆ.

ಸಮಯ ನೋಡೋಕೆ ಫೋನ್ ಬೇಡ ಅಂತ ಊದುಬತ್ತಿಯನ್ನೇ ಚಿಕ್ಕ ಚಿಕ್ಕ ತುಂಡು ಮಾಡಿ ಇಟ್ಟುಕೊಂಡಿದ್ದೆ. ನಿನ್ನೆ ಅಮ್ಮ ದೇವರ ಕೋಣೆಯಿಂದ ಕೂಗಿದರು, ಪ್ಯಾಕೆಟ್ ಪೂರ್ತಿ ಯಾರು ಮುರಿದು ಹಾಕಿದ್ದು ಅಂತ.

ಸುಬ್ಬಕ್ಕ:

ಅಮ್ಮನಿಗೆ ಹೊಸ ಪ್ಯಾಕೆಟ್ ತಂದುಕೊಡು ಮೊದಲು. ಆಮೇಲೆ ನಿಲ್ಲುವಿಯಂತೆ.